25 ಕಿಲೋ, 64 ಕಿಲೋಮೀಟರ್, 20 ಗಂಟೆ

18 ಜನವರಿ 2025, ಶನಿವಾರ

ಜನವರಿ ಬಂತೆಂದರೆ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ಬ್ರಿಟನ್ ಸೇನೆಯ ವಿಶೇಷ ಪಡೆ ಎಸ್‌ಎಎಸ್‌ನ ಆಯ್ಕೆಯ ಚಳಿಗಾಲದ ಸುತ್ತು. ವರ್ಷಕ್ಕೆ ಎರಡೇ ಸುತ್ತು, ಇನ್ನೊಂದು ಬೇಸಿಗೆಯಲ್ಲಿ. ಕಮಾಂಡೋ ಅಂದರೆ ಎಷ್ಟು ದಂಡ ಹೊಡೆಯಬೇಕು ಎಂದು ಕೇಳುವವರೇ ಜಾಸ್ತಿ. ದಂಡ ಎಣಿಸುವ ಕಡೆಯೂ ಇದೆ. ಅಮೆರಿಕದ ನೌಕಾಪಡೆಯ ಕಮಾಂಡೋ, ಅಂದರೆ ನೇವಿ ಸೀಲ್, ಆಗಹೊರಟವನು ಮೊದಲು 500 ಗಜ ಈಜನ್ನು 12 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, 2 ನಿಮಿಷದಲ್ಲಿ 50 ದಂಡ ಹೊಡೆಯಬೇಕು, 10 ಪುಲ್‌ಅಪ್ ಎಳೆಯಬೇಕು, ಒಂದೂವರೆ ಮೈಲಿಯನ್ನು 10 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಬೀಕನ್ಸ್‌ನ ಲೆಕ್ಕ ಬೇರೆ. ಅಲ್ಲಿ ಕೆಡಿಸುವುದು ತೋಳಲ್ಲ, ಪಾದ.

ಯಾರು ಹೋಗಬಹುದು ಅನ್ನುವುದನ್ನು ಮೊದಲು ಮುಗಿಸಿಬಿಡೋಣ. ಕಾಯಂ ರೆಜಿಮೆಂಟ್ ಆದ 22 ಎಸ್‌ಎಎಸ್‌ಗೆ ಬೀದಿಯಿಂದ ನೇರ ಪ್ರವೇಶವಿಲ್ಲ. ಭೂ, ನೌಕಾ, ವಾಯು ಪಡೆಗಳಲ್ಲೊಂದರಲ್ಲಿ ಈಗಾಗಲೇ ಸೇವೆಯಲ್ಲಿರಬೇಕು. ಮೀಸಲು ರೆಜಿಮೆಂಟ್‌ಗಳಾದ 21 ಮತ್ತು 23ಕ್ಕೆ ನಾಗರಿಕರೂ ಸೇರಬಹುದು. 2018ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ, ಆದರೆ ತೂಕವೂ ಸಮಯವೂ ಎಲ್ಲರಿಗೂ ಒಂದೇ.

ಬೆಟ್ಟದ ಹಂತ ಸುಮಾರು 4 ವಾರ. ಮೊದಲ ದೊಡ್ಡ ಜರಡಿ 'ಫ್ಯಾನ್ ಡ್ಯಾನ್ಸ್': 886 ಮೀಟರ್ ಎತ್ತರದ ಪೆನ್ ಇ ಫ್ಯಾನ್ ಹತ್ತಿ, ಆಚೆ ಇಳಿದು, ಬಂದ ದಾರಿಯಲ್ಲೇ ಮತ್ತೆ ಹತ್ತಿ ವಾಪಸ್ ಬರುವುದು, ಒಟ್ಟು 24 ಕಿಲೋಮೀಟರ್. ಬೆಟ್ಟ ನಡೆಯುವವರಿಗೆ 1892ರ ನೇಸ್ಮಿತ್ ಸೂತ್ರ ಗೊತ್ತಿರುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು. ಆ ಪ್ರಕಾರ ಬರೀ ದೂರಕ್ಕೇ 4 ಗಂಟೆ 48 ನಿಮಿಷ, ಏರು ಸೇರಿದರೆ 6 ಗಂಟೆಯ ಆಸುಪಾಸು. ಸೈನಿಕನಿಗೆ ಸಿಗುವುದು ಸುಮಾರು 4 ಗಂಟೆ, ಅದೂ ಬೆನ್ನಿಗೆ ಹೊರೆ ಹೊತ್ತು. ಏರಿನಲ್ಲಿ ಯಾರೂ ಓಡಲಾರರು. ಹಾಗಾಗಿ ಆ ಎರಡು ಗಂಟೆಯನ್ನು ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಕದಿಯಬೇಕು. ಮಂಡಿ ಹೋಗುವುದೂ ಹೆಬ್ಬೆರಳಿನ ಉಗುರು ಕಪ್ಪಾಗುವುದೂ ಅಲ್ಲೇ.

ಕೊನೆಯದು 'ಎಂಡ್ಯೂರೆನ್ಸ್', ಶೀರ್ಷಿಕೆಯಲ್ಲಿರುವ ಮೂರೂ ಸಂಖ್ಯೆ ಅದರದೇ: 25 ಕಿಲೋ ಹೊರೆ ಹೊತ್ತು 64 ಕಿಲೋಮೀಟರ್, 20 ಗಂಟೆಯೊಳಗೆ. ಗಂಟೆಗೆ 3.2 ಕಿಲೋಮೀಟರ್ ಅಷ್ಟೇ ತಾನೇ ಅನ್ನಿಸಬಹುದು. ಆದರೆ ಆ 25 ಕಿಲೋದಲ್ಲಿ ನೀರಿಲ್ಲ, ಊಟವಿಲ್ಲ, ರೈಫಲ್ ಇಲ್ಲ, ಅವೆಲ್ಲ ಮೇಲಿಂದ. ವಾರಗಟ್ಟಲೆ ನಡೆದು ಸೋತ ಕಾಲು ಬೇರೆ. ನಿಂತು ನಕ್ಷೆ ನೋಡುವ, ಕಾಲ್ಚೀಲ ಬದಲಿಸುವ, ಉಚ್ಚೆ ಹೊಯ್ಯುವ ಹೊತ್ತೂ ಆ 20 ಗಂಟೆಯ ಖರ್ಚೇ.

ಜೊತೆಗಾರ ಇಲ್ಲ, ಒಬ್ಬನೇ. ನಕ್ಷೆಯ ಮೇಲೆ ಗುರುತು ಹಾಕುವಂತಿಲ್ಲ, ಹೋಗುವ ದಾರಿ ಗೊತ್ತಾಗುವ ಹಾಗೆ ಮಡಚುವಂತಿಲ್ಲ. ಎಲ್ಲಿದ್ದೀಯ ಎಂದು ತಪಾಸಣೆ ಠಾಣೆಯಲ್ಲಿ ಕೇಳಿದರೆ ಬೆರಳಿಟ್ಟು ತೋರಿಸಬಾರದು, ಹುಲ್ಲುಕಡ್ಡಿಯ ತುದಿಯಿಂದ ತೋರಿಸಬೇಕು. ಶೋಕಿಯಲ್ಲ ಇದು. 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಗಲದ ಬೆರಳು ನೆಲದ ಮೇಲೆ 500 ಮೀಟರ್ ಮುಚ್ಚುತ್ತದೆ. ಮಂಜು ಕವಿದಾಗ ಅರ್ಧ ಕಿಲೋಮೀಟರ್ ತಪ್ಪಿದರೆ ತಪ್ಪು ಕಣಿವೆಗೆ ಇಳಿದ ಹಾಗೆಯೇ, ಮತ್ತೆ ಹತ್ತಬೇಕು.

ಚೀಲದ ವಿಷಯ. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡು, ಭುಜದೆಲುಬುಗಳ ನಡುವೆ ಇರಬೇಕು. ಕೆಳಗೆ ಬಿಟ್ಟರೆ ಹಿಂದಕ್ಕೆ ಜಗ್ಗುತ್ತದೆ, ಸೊಂಟ ಬಾಗುತ್ತದೆ. ಬೊಬ್ಬೆ ಏಳುವುದು ಚರ್ಮದ ಮೇಲೆ ಉಜ್ಜಿದ್ದರಿಂದ ಎಂದುಕೊಳ್ಳುತ್ತಾರೆ. ನಿಜಕ್ಕೂ ಮೂಳೆ ಒಂದು ಕಡೆ, ಬೂಟಿಗೆ ಅಂಟಿದ ಚರ್ಮ ಇನ್ನೊಂದು ಕಡೆ ಎಳೆದಾಡಿ ಚರ್ಮದ ಪದರದೊಳಗೇ ಬಿರುಕಾಗುತ್ತದೆ. ಒದ್ದೆ ಚರ್ಮ ಹೆಚ್ಚು ಅಂಟುತ್ತದೆ. ಆದ್ದರಿಂದ ತೆಳು ಕಾಲ್ಚೀಲದ ಮೇಲೆ ದಪ್ಪದ್ದು. ಜಾರಾಟ ಎರಡು ಬಟ್ಟೆಗಳ ನಡುವೆಯೇ ಮುಗಿಯಲಿ. ಪಾದದಲ್ಲಿ ಒಂದು ಕಡೆ ಬಿಸಿ ಅನ್ನಿಸಿದ ಆ ಕ್ಷಣವೇ ನಿಂತು ಟೇಪ್ ಹಚ್ಚಬೇಕು, ಸುಕ್ಕಿಲ್ಲದಂತೆ. ಎರಡು ನಿಮಿಷ ಉಳಿಸಹೋದವನು ಮರುದಿನ ಕುಂಟುತ್ತಾನೆ.

ತಯಾರಿಯಲ್ಲಿ ಆಗುವ ದೊಡ್ಡ ತಪ್ಪು ಅವಸರ. ಸ್ನಾಯು ವಾರಗಳಲ್ಲಿ ಗಟ್ಟಿಯಾಗುತ್ತದೆ, ಮೂಳೆಗೆ ತಿಂಗಳುಗಳು ಬೇಕು. ಹೆಜ್ಜೆ ಹಾಕಿ ಹಾಕಿಯೇ ಪಾದದ ಮೂಳೆ ಸೀಳುವುದನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಬರೆದಿಟ್ಟಿದ್ದಾನೆ. ತೂಕ ಮತ್ತು ದೂರ, ಎರಡನ್ನೂ ಒಂದೇ ವಾರ ಏರಿಸಬೇಡಿ. ಹೊರೆ ಹೊತ್ತು ಡಾಂಬರಿನ ಮೇಲೆ ಓಡುವುದಂತೂ ಬೇಡವೇ ಬೇಡ.

ಇನ್ನು ಚಳಿ. ಒಮಾನಿನಲ್ಲಿ ನಡೆದ 1972ರ ಮಿರ್ಬಾತ್ ಕಾಳಗದಲ್ಲಿ ಹೆಸರು ಮಾಡಿದ ಮೇಜರ್ ಮೈಕ್ ಕೀಲಿ, 1979ರ ಫೆಬ್ರವರಿಯಲ್ಲಿ ಇದೇ ಬೆಟ್ಟದಲ್ಲಿ ಚಳಿಗೆ ಸಿಕ್ಕಿ ಸತ್ತರು. ಚೀಲದಲ್ಲಿ ಬೆಚ್ಚನೆ ಬಟ್ಟೆಯ ಬದಲು ತೂಕಕ್ಕೆಂದು ತುಂಬಿಕೊಂಡ ಇಟ್ಟಿಗೆಗಳಿದ್ದವು. ತೂಕ ಬೇಕೇ ಬೇಕೆಂದ ಮೇಲೆ ಅದು ನಿದ್ರೆ ಚೀಲವೋ ಉಣ್ಣೆಯೋ ಆಗಲಿ. ಸೆಕೆ ಇದಕ್ಕಿಂತ ಮೋಸದ್ದು. ದೇಹ ಸುಡುವ ಶಕ್ತಿಯಲ್ಲಿ ಕಾಲು ಭಾಗವೂ ನಡಿಗೆಗೆ ಸಿಗುವುದಿಲ್ಲ, ಉಳಿದದ್ದು ಶಾಖ. ಬೆನ್ನಿಗೆ ಅಂಟಿದ ಚೀಲ ಅಲ್ಲಿಯ ಬೆವರು ಆರಲು ಬಿಡುವುದಿಲ್ಲ. 2013ರ ಜುಲೈಯಲ್ಲಿ 26 ಕಿಲೋಮೀಟರ್ ನಡಿಗೆಯಲ್ಲಿ ಮೂವರು ಮೀಸಲು ಸೈನಿಕರು ಸೆಕೆಗೆ ಬಲಿಯಾದರು. ನಿರ್ಲಕ್ಷ್ಯವೂ ಕಾರಣವೆಂದು 2015ರ ವಿಚಾರಣೆ ಹೇಳಿತು. ಸೆಕೆಗೆ ಮೈ ಒಗ್ಗಲು ಹತ್ತು-ಹದಿನಾಲ್ಕು ದಿನ ಬೇಕು, ಛಲದಿಂದ ಅದು ಕಡಿಮೆಯಾಗದು. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಅಲ್ಲಿಗೆ ನಿಲ್ಲಿಸಬೇಕು.

ಬೆಟ್ಟ ದಾಟಿದವರಿಗೆ ಮುಂದೆ ಕಾಡಿನ ತರಬೇತಿ, ತಪ್ಪಿಸಿಕೊಳ್ಳುವ ಅಭ್ಯಾಸ, ಸಿಕ್ಕಿಬಿದ್ದರೆ ಎಂಬಂತೆ ವಿಚಾರಣೆ. ಆಯ್ಕೆಗೆ ಬರಲು ಒಬ್ಬನಿಗೆ ಒಟ್ಟು ಅವಕಾಶ ಎರಡೇ.

ಗೆದ್ದರೆ ಏನು ಸಿಗುತ್ತದೆ? ಮರಳು ಬಣ್ಣದ ಬೆರೆ ಟೋಪಿ, ರೆಕ್ಕೆಯ ಕಠಾರಿಯ ಬಿಲ್ಲೆ, ಸಂಬಳದ ಮೇಲೆ ವಿಶೇಷ ಪಡೆಯ ಭತ್ಯೆ. ಸಾರ್ಜೆಂಟ್ ಆಗಿ ಬಂದವನು ಪಟ್ಟಿ ಕಳಚಿಟ್ಟು ಟ್ರೂಪರ್, ಅಂದರೆ ಸಾಮಾನ್ಯ ಸೈನಿಕ, ಆಗುತ್ತಾನೆ. ಸಂಬಳ ಹಳೆಯ ದರ್ಜೆಯದೇ, ಮೆಟ್ಟಿಲು ಮಾತ್ರ ಮತ್ತೆ ಮೊದಲಿಂದ. 1996ರಿಂದ ಗೋಪ್ಯತೆಯ ಕರಾರಿಗೂ ಸಹಿ ಹಾಕಬೇಕು. ಅಂದರೆ ಆ ಟೋಪಿ ಹೇಗೆ ಬಂತು ಎಂದು ನಿವೃತ್ತಿಯಾದ ಮೇಲೂ ಅನುಮತಿಯಿಲ್ಲದೆ ಬರೆಯುವಂತಿಲ್ಲ.