ಡ್ರೈವರನ್ನು ಬೈಯುವ ಮೊದಲು ಟ್ರಿಪ್ ಶೀಟ್ ನೋಡಿ

ಬಿಡದಿ ಕಡೆಯ ಒಂದು ಕಾರ್ಖಾನೆಗೆ ಮದ್ದೂರು, ಚನ್ನಪಟ್ಟಣ ಸುತ್ತಲಿನ ಹಳ್ಳಿಗಳಿಂದ ಕೆಲಸಗಾರರನ್ನು ಕರೆತರುವ ಬಸ್ಸುಗಳ ಉಸ್ತುವಾರಿ ನನ್ನದು. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು ಇದು: ಬಸ್ ಜೋರಾಗಿ ಓಡ್ತಿದೆ ಅಂತ ದೂರು ಬಂದರೆ, ಡ್ರೈವರನ್ನು ಕರೆಸುವ ಮೊದಲು ಟ್ರಿಪ್ ಶೀಟ್, ಅಂದರೆ ಆ ರೂಟಿನ ದೂರ, ಸ್ಟಾಪು, ಸಮಯ ಬರೆದ ಹಾಳೆ ತೆಗೆದು ನೋಡಿ.

ಒಂದು ರೂಟ್ ಹೀಗಿತ್ತು ಅಂದುಕೊಳ್ಳಿ. 40 ಕಿಲೋಮೀಟರ್, 15 ಸ್ಟಾಪ್, ಒಂದು ಗಂಟೆ ಸಮಯ. ಕಾಗದದ ಮೇಲೆ ಗಂಟೆಗೆ 40 ಕಿ.ಮೀ. ಅಷ್ಟೇ, ಯಾರಿಗೂ ತಪ್ಪು ಕಾಣುವುದಿಲ್ಲ. ಆದರೆ ಸ್ಟಾಪಿಗೆ ಒಂದು ನಿಮಿಷ ಅಂದರೂ 15 ನಿಮಿಷ ನಿಂತೇ ಹೋಯಿತು. ಉಳಿದ 45 ನಿಮಿಷದಲ್ಲಿ 40 ಕಿ.ಮೀ. ಮುಗಿಸಲು ಸರಾಸರಿ 53ರಲ್ಲಿ ಓಡಬೇಕು. ಊರೊಳಗಿನ ಹಂಪುಗಳು, ರೈಲ್ವೆ ಗೇಟು, ಡೈರಿ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತ ಜನ, ಇವೆಲ್ಲ ಸೇರಿದರೆ ಖಾಲಿ ರಸ್ತೆ ಸಿಕ್ಕಲ್ಲೆಲ್ಲ 70 ಹೊಡೆಯಲೇಬೇಕು. ಆ 70 ಡ್ರೈವರ್ ಸೊಕ್ಕಿನಿಂದ ಬಂದದ್ದಲ್ಲ. ಆಫೀಸಿನಲ್ಲಿ ಕೂತವರು ಬರೆದುಕೊಟ್ಟದ್ದು.

ಇದರ ಮೇಲೆ ಬಸ್ಸಿನೊಳಗಿನ ಒತ್ತಡ ಬೇರೆ. ಕಾರ್ಖಾನೆ ಗೇಟಿನಲ್ಲಿ ಹಾಜರಿಯ ಪಂಚಿಂಗ್ ತಡವಾದರೆ ಸಂಬಳ ಕಟ್. ಎರಡು ಸ್ಟಾಪಿನಲ್ಲಿ ತಡವಾಯಿತು ಅಂದರೆ ಹಿಂದಿನಿಂದ ಶುರು: "ಅಣ್ಣ, ಒಸಿ ಬಿರ್ನೆ ಬಿಡಣ್ಣ, ಪಂಚಿಂಗ್ ಹೋಯ್ತದೆ." ಕೇಳುವ ಹೆಣ್ಣುಮಗಳು ಬೆಳಗಿನ ಜಾವ ಎದ್ದು ಅಡುಗೆ ಮಾಡಿಟ್ಟು ಓಡಿ ಬಂದವಳು. ಅವಳದೂ ತಪ್ಪಿಲ್ಲ. ಅದೇ ಹೊತ್ತಿಗೆ ಆಫೀಸಿನಿಂದ ಫೋನ್, "ಎಲ್ಲಿದ್ದೀರಾ?" ಅಂತ. ಆ ಒಂದು ಕರೆ ಸಾಕು, ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ.

ಹತ್ತು ಕಿ.ಮೀ. ಹೆಚ್ಚಾದರೆ ಏನು ಮಹಾ ಅನ್ನುವವರಿಗೆ ಈ ಲೆಕ್ಕ ಹೇಳುತ್ತೇನೆ. ಒಣ ರಸ್ತೆ, ಒಳ್ಳೆ ಬ್ರೇಕ್ ಇರುವ ಎರಡು ಕಾರು. ಒಂದು 50ರಲ್ಲಿ, ಇನ್ನೊಂದು 60ರಲ್ಲಿ. ಒಂದೇ ಜಾಗದಲ್ಲಿ ಮಗು ಅಡ್ಡ ಬಂತು. ಇಬ್ಬರೂ ನೋಡಿ ಬ್ರೇಕ್ ತುಳಿಯಲು ಒಂದು ಸೆಕೆಂಡ್ ಬೇಕು. 50ರಲ್ಲಿದ್ದ ಕಾರು ಸುಮಾರು 30 ಮೀಟರ್‌ನಲ್ಲಿ ಪೂರ್ತಿ ನಿಲ್ಲುತ್ತದೆ. ಅದು ನಿಂತ ಜಾಗಕ್ಕೆ ಬಂದಾಗ 60ರ ಕಾರು ಇನ್ನೂ ಹೆಚ್ಚು ಕಡಿಮೆ 40ರ ವೇಗದಲ್ಲಿರುತ್ತದೆ. ಜನ ತುಂಬಿದ ಬಸ್ಸು ನಿಲ್ಲಲು ಇದಕ್ಕಿಂತ ಜಾಸ್ತಿ ದೂರ ಬೇಕು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ನೆ ಅಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವಿಗೆ ಸರ್ಕಾರಿ ಲೆಕ್ಕ ಕೊಟ್ಟ ಕಾರಣ ಅತಿವೇಗ.

"ಗವರ್ನರ್ ಇದೆಯಲ್ಲ ಸಾರ್" ಅನ್ನುತ್ತಾರೆ. ಇದೆ, ಬಸ್ಸಿನ ವೇಗ ಮಿತಿ ದಾಟದಂತೆ ತಡೆಯುವ ಆ ಸಾಧನ 80ಕ್ಕೆ ಸೆಟ್ ಆಗಿದೆ. ಆದರೆ 30ರಲ್ಲಿ ಹೋಗಬೇಕಾದ ಶಾಲೆ ಮುಂದೆ 60ರಲ್ಲಿ ಹೋದರೆ ಗವರ್ನರ್‌ಗೆ ಏನೂ ಗೊತ್ತಾಗುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮಿತಿ ಇದೆ, ಕ್ಯಾಮೆರಾ ಇವೆ, 130 ದಾಟಿದರೆ 2024ರ ಆಗಸ್ಟ್‌ನಿಂದ ಎಫ್‌ಐಆರ್ ಕೂಡ. ಅದು ಬೇಕಾಗಿತ್ತು. ಆದರೆ ನಮ್ಮ ಸ್ಟಾಪುಗಳೆಲ್ಲ ಇರುವುದು ಸರ್ವಿಸ್ ರಸ್ತೆಯಲ್ಲಿ ಮತ್ತು ಹಳ್ಳಿಯೊಳಗೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಹೆದ್ದಾರಿ ಬಂದ್ ಆದ ಮೇಲೆ ಅವೂ ಸರ್ವಿಸ್ ರಸ್ತೆಯಲ್ಲೇ ಇವೆ. ಕಬ್ಬು ಕಡಿಯುವ ಕಾಲದಲ್ಲಂತೂ ಹಿಂದೆ ರಿಫ್ಲೆಕ್ಟರ್ ಸ್ಟಿಕರ್ ಕೂಡ ಇಲ್ಲದ ಟ್ರೈಲರ್, ನಸುಕಿನಲ್ಲಿ ತೀರಾ ಹತ್ತಿರ ಹೋಗುವವರೆಗೆ ಕಾಣುವುದೇ ಇಲ್ಲ.

ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಜಿಪಿಎಸ್ ವರದಿಯನ್ನು ಬೇರೆ ರೀತಿ ಓದಿದ್ದು. ಯಾವ ಡ್ರೈವರ್ ಎಷ್ಟು ಹೊಡೆದ ಅನ್ನುವುದಕ್ಕಿಂತ ಯಾವ ಜಾಗದಲ್ಲಿ ಅತಿವೇಗದ ಅಲರ್ಟ್ ಮತ್ತೆ ಮತ್ತೆ ಬರುತ್ತದೆ ಅಂತ ನೋಡಿದೆವು. ಯಾರು ಓಡಿಸಿದರೂ ಅದೇ ಜಾಗ: ರೈಲ್ವೆ ಗೇಟ್ ದಾಟಿದ ಮೇಲಿನ ನೇರ ರಸ್ತೆ. ಗೇಟಿನಲ್ಲಿ ಕಳೆದ ಸಮಯವನ್ನು ಎಲ್ಲರೂ ಅಲ್ಲಿ ಹಿಡಿಯುತ್ತಿದ್ದರು. ಗೇಟಿನ ಸಮಯವನ್ನು ಶೀಟಿಗೆ ಸೇರಿಸಿದೆವು. ಅಲರ್ಟ್ ತಾನಾಗಿಯೇ ಕಡಿಮೆಯಾಯಿತು. ಬಸ್ ತಡವಾದದ್ದು ಜಿಪಿಎಸ್‌ನಲ್ಲಿ ಕಂಡರೆ ಆ ಬಸ್ಸಿನವರ ಸಂಬಳ ಕಟ್ ಮಾಡಬಾರದು ಅಂತ ಎಚ್‌ಆರ್ ಒಪ್ಪುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಅದೇ. ಹಿಂದಿನ ಸೀಟಿನಿಂದ "ಬಿರ್ನೆ" ಅನ್ನುವ ಕೂಗು ನಿಂತಿತು. ಓಡುತ್ತಿರುವ ಬಸ್ಸಿನ ಡ್ರೈವರ್‌ಗೆ ಆಫೀಸಿನಿಂದ ಯಾರೂ ಫೋನ್ ಮಾಡುವಂತಿಲ್ಲ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಬಸ್ ನಿಧಾನ ಓಡಬೇಕು ಅಂದರೆ ಬೇಗ ಹೊರಡಬೇಕು. ಬೇಗ ಹೊರಟರೆ ಆ ಹೆಣ್ಣುಮಕ್ಕಳ ನಿದ್ದೆಯಲ್ಲೇ ಕಡಿತ. ಸುರಕ್ಷತೆಗೆ ಬೇಕಾದ ಸಮಯವನ್ನು ಅವರೇ ಯಾಕೆ ಕೊಡಬೇಕು? ಡಿಸೆಂಬರ್, ಜನವರಿಯ ಮಂಜಿನ ದಿನಗಳಲ್ಲಾದರೂ ಮೊದಲ ಶಿಫ್ಟ್ ಅರ್ಧ ಗಂಟೆ ತಡವಾಗಿ ಶುರುಮಾಡಿ ಅಂತ ಮ್ಯಾನೇಜ್‌ಮೆಂಟಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಬರುವವರೆಗೂ ಪ್ರತಿ ಮೀಟಿಂಗಿನಲ್ಲಿ ಕೇಳುತ್ತೇನೆ.