ಸೇವ್ ಒತ್ತಬಾರದಲ್ಲಿ ಒತ್ತಿದೆ, ಒತ್ತಬೇಕಾದಲ್ಲಿ ಬಿಟ್ಟೆ

ಬೆಂಗಳೂರಿನಲ್ಲಿ ಮೂರು ಅಂತಸ್ತಿನ ಮನೆ. ಸಾದಾ ನೆಟ್‌ವರ್ಕ್ ಸ್ವಿಚ್‌ಗಳನ್ನು ತೆಗೆದು, ಪೋರ್ಟುಗಳನ್ನು ಬೇಕಾದಂತೆ ಹೊಂದಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಕೂರಿಸುವ ಕೆಲಸ. ಕೆಳಗೆ 24 ಪೋರ್ಟಿನ ಕೋರ್ (ಮುಖ್ಯ ಸ್ವಿಚ್), ಮೇಲಿನ ಎರಡು ಮಹಡಿಗೆ 8 ಪೋರ್ಟಿನ ಒಂದೊಂದು ಪಿಓಇ ಸ್ವಿಚ್, ಅಂದರೆ ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ತನ್ನೂ ಕೊಡುವಂಥದ್ದು. ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲಗಳೇ ವಿಲ್ಯಾನ್: ಮನೆಯವರಿಗೆ ವಿಲ್ಯಾನ್ 10, ಕ್ಯಾಮೆರಾಗೆ 20, ಟಿವಿ-ಬಲ್ಬುಗಳಿಗೆ 30, ಅತಿಥಿಗಳಿಗೆ 40. ಜಾಬ್ ಶೀಟಿನಲ್ಲಿ ಇಷ್ಟಕ್ಕೂ ಸೇರಿ ಎರಡು ಗಂಟೆ ಬರೆದಿದ್ದರು. ಪರೀಕ್ಷೆಗೆ ಅಂತ ಒಂದು ಕಾಲಂ ಕೂಡ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮೇಲಿನವರ ಕಿವಿಗೆ ಹೋಗಿಲ್ಲ.

ತುದಿಯ, ಅಂದರೆ ಮೇಲ್ಮಹಡಿಯ ಸ್ವಿಚ್ಚನ್ನು ಕೆಳಗೆ ಕೂತೇ, ಅಪ್‌ಲಿಂಕ್ (ಕೋರ್‌ಗೆ ಸೇರಿಸುವ ಕೇಬಲ್) ಮೂಲಕ ಕಾನ್ಫಿಗರ್ ಮಾಡುತ್ತಿದ್ದೆ. 1ರಿಂದ 4 ಕ್ಯಾಮೆರಾ, 5 ವೈಫೈ ಕೊಡುವ ಆಕ್ಸೆಸ್ ಪಾಯಿಂಟ್, 6 ಮತ್ತು 7 ವಿಲ್ಯಾನ್ 10ಕ್ಕೆ. ಕೊನೆಗೆ ಅಪ್‌ಲಿಂಕ್ ಆಗಿದ್ದ 8ನೇ ಪೋರ್ಟಿನ ಪಿವಿಐಡಿಯನ್ನು (ಟ್ಯಾಗ್, ಅಂದರೆ ವಿಲ್ಯಾನ್ ಗುರುತು, ಇಲ್ಲದೆ ಬಂದ ಡೇಟಾ ಸೇರುವ ವಿಲ್ಯಾನ್) 10 ಮಾಡಿ, ಫ್ಯಾಕ್ಟರಿಯಿಂದಲೇ ಇರುವ ವಿಲ್ಯಾನ್ 1ರಿಂದ ಆ ಪೋರ್ಟನ್ನು ತೆಗೆದು ಅಪ್ಲೈ ಕೊಟ್ಟೆ. ಅಭ್ಯಾಸಬಲದಿಂದ ಸೇವ್ ಕೂಡ ಒಟ್ಟಿಗೇ ಒತ್ತಿಯಾಗಿತ್ತು. ಸ್ವಿಚ್ಚಿನ ಮ್ಯಾನೇಜ್‌ಮೆಂಟ್ ಪುಟ ಮಾತ್ರ ಇನ್ನೂ ವಿಲ್ಯಾನ್ 1ರಲ್ಲೇ ಇತ್ತು. ಈಗ ಆ ವಿಲ್ಯಾನಿಗೆ ಒಂದು ಪೋರ್ಟೂ ಉಳಿದಿರಲಿಲ್ಲ.

ಕೋರ್‌ನ 24ನೇ ಪೋರ್ಟನ್ನು ಹೊಂದಿಸಿದ ಮೇಲೆ ಮೇಲ್ಮಹಡಿಗೆ ಇಂಟರ್ನೆಟ್ ಬಂತು. ಲಿಂಕ್ ದೀಪಗಳೆಲ್ಲ ಹಸಿರು, ಕ್ಯಾಮೆರಾ ಚಿತ್ರವೂ ಸರಿ. ಸ್ವಿಚ್ ಮಾತ್ರ ಪಿಂಗ್‌ಗೆ (ಇದ್ದೀಯಾ ಎಂದು ಕೇಳುವ ಪರೀಕ್ಷೆಗೆ) ಓಗೊಡಲಿಲ್ಲ. 5ನೇ ಪೋರ್ಟಿಗೆ ವಿಲ್ಯಾನ್ 40ರ ಟ್ಯಾಗ್ ಸೇರಿಸುವುದು ಬಾಕಿ ಇತ್ತು, ಅದಕ್ಕೆ ಆ ಪುಟ ಬೇಕೇ ಬೇಕು.

ತಪ್ಪು ಎಣಿಕೆ ಹಾಕಿದ್ದು ಇಲ್ಲಿ. ಅಪ್ಲೈ ಕೊಟ್ಟದ್ದು ರನ್ನಿಂಗ್ ಕಾನ್ಫಿಗ್‌ಗೆ (ಸ್ವಿಚ್ ಆರುವವರೆಗೆ ಮಾತ್ರ ಉಳಿಯುವ ಸೆಟ್ಟಿಂಗ್‌ಗೆ) ಮಾತ್ರ ಹೋಗುತ್ತದೆ, ಪ್ಲಗ್ ಕಿತ್ತು ಹಾಕಿದರೆ ಹಳೆಯದು ವಾಪಸ್ ಬರುತ್ತದೆ ಎಂದುಕೊಂಡು ಮೇಲೆ ಹೋಗಿ ಪ್ಲಗ್ ಕಿತ್ತೆ. ಸೇವ್ ಆಗಿದೆ ಅನ್ನುವುದು ತಲೆಯಲ್ಲೇ ಇರಲಿಲ್ಲ. ಪಿಓಇ ಹೋದ ಕೂಡಲೇ ಆಕ್ಸೆಸ್ ಪಾಯಿಂಟ್ ಆರಿತು. ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದ ಮೀಟಿಂಗ್ ಅರ್ಧಕ್ಕೆ ಕಡಿಯಿತು. ಮನೆಯವರು ಬಾಗಿಲಲ್ಲಿ ಬಂದು ನಿಂತರು. ದೀಪಗಳು ಒಂದೊಂದಾಗಿ ಹತ್ತಿಕೊಂಡವು, ಆಕ್ಸೆಸ್ ಪಾಯಿಂಟ್ ಬೂಟ್ ಆಯಿತು, ಪಿಂಗ್ ಹಾಗೇ ಟೈಮ್‌ಔಟ್. ಲ್ಯಾಪ್‌ಟಾಪ್ ನೇರ ಚುಚ್ಚಿದರೂ ಉಪಯೋಗವಿಲ್ಲ, ಪುಟ ಇರುವ ವಿಲ್ಯಾನಿಗೆ ದಾರಿಯೇ ಇಲ್ಲ. ಉಳಿದದ್ದು ರೀಸೆಟ್ ರಂಧ್ರ. ಪಿನ್ ಒತ್ತಿ ಹತ್ತು ಸೆಕೆಂಡ್ ಹಿಡಿದು, ಎಲ್ಲ ದೀಪ ಒಮ್ಮೆಗೆ ಮಿನುಗಿದ ಮೇಲೆ ಬಿಟ್ಟೆ. ಫ್ಯಾಕ್ಟರಿ ಸ್ಥಿತಿಗೆ ಮರಳಿದ ಸ್ವಿಚ್ಚಿನ ಪುಟ ತೆರೆಯಲು ಲ್ಯಾಪ್‌ಟಾಪಿಗೆ 192.168.0.10 ವಿಳಾಸ ಕೊಟ್ಟು ಮೊದಲಿನಿಂದ ಶುರು.

ಈ ಹೆದರಿಕೆಯಲ್ಲೇ ಎರಡನೇ ತಪ್ಪೂ ಆಯಿತು. ಮುಟ್ಟಿದರೆ ಮತ್ತೆ ಸಿಕ್ಕಿಬೀಳುತ್ತೇನೆ ಅನ್ನಿಸಿ, ಹೆಜ್ಜೆಹೆಜ್ಜೆಗೂ ಅಪ್ಲೈ ಮಾತ್ರ ಕೊಟ್ಟು, ಎಲ್ಲ ಸರಿ ಬಂದ ಮೇಲೆ ಸೇವ್ ಮಾಡದೇ ಹೊರಟೆ. ಆ ಬಟನ್ ಇರುವುದು ಬೇರೊಂದು ಮೆನುವಿನ ಒಳಗೆ, ಕಣ್ಣೆದುರು ಇರುವುದಿಲ್ಲ. ಮರುದಿನ ಸಂಜೆ ಕರೆಂಟ್ ಹೋಯಿತು, ಯುಪಿಎಸ್ ಖಾಲಿಯಾಯಿತು. ಸ್ವಿಚ್ ಫ್ಯಾಕ್ಟರಿ ಸ್ಥಿತಿಯಲ್ಲಿ ಎದ್ದಿತು. ಕೋರ್ ಕಡೆಯ ಅಪ್‌ಲಿಂಕಿನಲ್ಲಿ ವಿಲ್ಯಾನ್ 10 ಅನ್‌ಟ್ಯಾಗ್ಡ್ (ಟ್ಯಾಗ್ ಇಲ್ಲದ್ದು) ಆಗಿದ್ದರಿಂದ ಮನೆಯ ಇಂಟರ್ನೆಟ್ ಎಂದಿನಂತೆ ಓಡಿತು, ಯಾರಿಗೂ ಅನುಮಾನ ಬರಲಿಲ್ಲ. 192.168.20ರಿಂದ ಶುರುವಾಗುವ ಸ್ಟ್ಯಾಟಿಕ್ (ಬದಲಾಗದ) ವಿಳಾಸದ ಕ್ಯಾಮೆರಾಗಳು ಮಾತ್ರ ವಿಲ್ಯಾನ್ 10ಕ್ಕೆ ಬಿದ್ದು, ಚಿತ್ರ ರೆಕಾರ್ಡ್ ಮಾಡುವ ಎನ್‌ವಿಆರ್‌ಗೆ ಕಾಣದಾದವು. ಇಡೀ ರಾತ್ರಿ ಒಂದು ಫ್ರೇಮೂ ರೆಕಾರ್ಡ್ ಆಗಲಿಲ್ಲ. ರಾತ್ರಿಯ ಕಾವಲಿಗೆ ಹಾಕಿದ ಕ್ಯಾಮೆರಾ ಅವು. ಏನಾದರೂ ನಡೆದಿದ್ದರೆ ಆ ಮನೆಯವರಿಗೆ ಏನು ಉತ್ತರ ಕೊಡುತ್ತಿದ್ದೆ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಈಗ ಮಾಡುವ ಕ್ರಮ ಬೇರೆ. ಅಪ್‌ಲಿಂಕಿನ ಎರಡೂ ತುದಿಗೆ ವಿಲ್ಯಾನ್ 10 ಮೊದಲು ಟ್ಯಾಗ್ಡ್ ಆಗಿ ಸೇರುತ್ತದೆ. ಆಮೇಲೆ ತುದಿಯ ಸ್ವಿಚ್ಚಿನ ಮ್ಯಾನೇಜ್‌ಮೆಂಟನ್ನು 10ಕ್ಕೆ ಸರಿಸಿ, ಹೊಸ ವಿಳಾಸದಲ್ಲಿ ಪುಟ ತೆರೆದು ನೋಡಿ, ಅದಾದ ಮೇಲೆ ಪಿವಿಐಡಿ. ವಿಲ್ಯಾನ್ 1 ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ಮೊದಲು ತುದಿಯ ಸ್ವಿಚ್ಚಿನಲ್ಲಿ, ನಂತರ ಕೋರ್‌ನಲ್ಲಿ. ಮ್ಯಾನೇಜ್‌ಮೆಂಟ್ ಇರುವ ವಿಲ್ಯಾನಿನಲ್ಲೇ ಅನ್‌ಟ್ಯಾಗ್ಡ್ ಆಗಿ 7ನೇ ಪೋರ್ಟ್ ಖಾಲಿ ಉಳಿಯುತ್ತದೆ, ಅದಕ್ಕೆ ಯಾರೂ ಏನೂ ಚುಚ್ಚುವಂತಿಲ್ಲ. ಮೆಂಬರ್‌ಶಿಪ್ (ಯಾವ ಪೋರ್ಟ್ ಯಾವ ವಿಲ್ಯಾನಿನಲ್ಲಿದೆ ಎಂಬುದು) ಮತ್ತು ಪಿವಿಐಡಿ ಬೇರೆಬೇರೆ ಪುಟದಲ್ಲಿರುವ ಸ್ವಿಚ್‌ಗಳಲ್ಲಿ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದು ತೀರಾ ಸುಲಭ, ಎರಡು ಟ್ಯಾಬ್ ತೆರೆದಿಟ್ಟೇ ಕೂರುತ್ತೇನೆ.

ಪಿಓಇ ಲೆಕ್ಕ ರಾತ್ರಿಯದ್ದು ಹಾಕಬೇಕು. ಐಆರ್ (ಕತ್ತಲಲ್ಲಿ ನೋಡಲು ಬೇಕಾದ ಇನ್‌ಫ್ರಾರೆಡ್ ದೀಪ) ಹೊತ್ತಿದಾಗ ಕ್ಯಾಮೆರಾ ಎಳೆಯುವ ವ್ಯಾಟ್ ಹಗಲಿಗಿಂತ ಹೆಚ್ಚು. 802.3af ಎಂಬ ಪಿಓಇ ಮಾನದಂಡದ ಪೋರ್ಟ್ 15.4 ವ್ಯಾಟ್ ಬಿಟ್ಟರೂ ಕೇಬಲ್ ತುದಿಯ ಸಾಧನಕ್ಕೆ ಖಾತ್ರಿ ಇರುವುದು 12.95 ಮಾತ್ರ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಕೇಬಲ್ ಆಗಿದ್ದರೆ ಅದೂ ಖಾತ್ರಿಯಿಲ್ಲ. ಟಿವಿ ವಿಲ್ಯಾನ್ 30ಕ್ಕೆ ಹೋದ ಮೇಲೆ ಫೋನಿನಿಂದ ಕಾಸ್ಟ್ ಆಗುವುದಿಲ್ಲ ಎಂಬ ಕರೆಯೂ ಬಂದೇ ಬರುತ್ತದೆ. ಫೋನ್ ಟಿವಿಯನ್ನು ಹುಡುಕುವ ಎಂಡಿಎನ್‌ಎಸ್ ವಿಲ್ಯಾನ್ ದಾಟುವುದಿಲ್ಲ, ಅದನ್ನು ದಾಟಿಸುವ ರಿಫ್ಲೆಕ್ಟರ್ ರೂಟರಿನಲ್ಲಿ ಹಾಕಿಯೇ ಹೊರಡಬೇಕು.

ಸೇವ್ ಒತ್ತುವುದು ಪುಟ, ಕ್ಯಾಮೆರಾ, ವೈಫೈ ಮೂರೂ ನೋಡಿಯಾದ ಮೇಲೆ, ಒಂದೇ ಸಲ. ಆಮೇಲೆ ಮನೆಯವರಿಗೆ ಹೇಳಿ ಮೂರೂ ಸ್ವಿಚ್ಚಿನ ಪ್ಲಗ್ ಕಿತ್ತು, ಹಾಕಿ, ಎನ್‌ವಿಆರ್ ಪರದೆಯ ಮೇಲೆ ಎಲ್ಲ ಕ್ಯಾಮೆರಾ ಚಿತ್ರ ಮೂಡುವವರೆಗೆ ಅಲ್ಲೇ ನಿಲ್ಲುತ್ತೇನೆ. ಬ್ಯಾಕಪ್ ಫೈಲ್ ಪೆನ್‌ಡ್ರೈವಿಗೆ, ಪೋರ್ಟ್ ಪಟ್ಟಿ ಸ್ವಿಚ್ ಇರುವ ಡಬ್ಬಿಯ ಬಾಗಿಲ ಒಳಮೈಗೆ. ಅದರಲ್ಲಿ 7ನೇ ಸಾಲು ಕೆಂಪು ಶಾಯಿಯಲ್ಲಿರುತ್ತದೆ.