ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಏಕೆ ಎಂದು ಕೇಳುವವರಿಗೆ

"ಅಲ್ಲ ಮಾವ, ನಮ್ಮ ಕ್ರಿಕೆಟ್ ಬಿಟ್ಟು ಆ ಬೇಸ್‌ಬಾಲನ್ನು ಅದು ಹೇಗೆ ನೋಡುತ್ತೀರಿ? ಅದರಲ್ಲಿ ಏನಿದೆ?" ಭದ್ರಾವತಿಗೆ ಹೋದಾಗಲೆಲ್ಲ ಅಕ್ಕನ ಮಕ್ಕಳು ಹೀಗೆ ಕೇಳುತ್ತಾರೆ. ಇಲ್ಲಿ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ, ಹೊಸದಾಗಿ ಬಂದ ಎಂಜಿನಿಯರ್ ಹುಡುಗರೂ ಇದನ್ನೇ ಕೇಳುತ್ತಾರೆ. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಇದಕ್ಕೆ ಮತ್ತೆ ಮತ್ತೆ ಬಾಯಲ್ಲಿ ಉತ್ತರ ಹೇಳುವ ತಾಳ್ಮೆ ನನಗಿಲ್ಲ. ಆದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ.

ಮೊದಲನೆಯದಾಗಿ, ನಾನು ಕ್ರಿಕೆಟ್ಟನ್ನು ಬಿಟ್ಟಿಲ್ಲ. 1974ರಲ್ಲಿ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಇದ್ದ ನಮ್ಮ ತಂಡ ಮೊದಲ ಸಲ ರಣಜಿ ಟ್ರೋಫಿ ಗೆದ್ದಾಗ ಅಣ್ಣ ಪತ್ರಿಕೆಯಿಂದ ಕತ್ತರಿಸಿ ಕಳುಹಿಸಿದ ಸುದ್ದಿ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. "ಬಿಟ್ಟು" ಎನ್ನುವ ಆ ಒಂದು ಮಾತು ನನ್ನನ್ನು ಚುಚ್ಚುತ್ತದೆ. ಊರು ಬಿಟ್ಟವನು, ಭಾಷೆ ಬಿಟ್ಟವನು, ಈಗ ಆಟವನ್ನೂ ಬಿಟ್ಟ ಎಂಬ ದೂರು ಅದರೊಳಗೆ ಅಡಗಿದೆ. ಒಬ್ಬ ಮನುಷ್ಯನಿಗೆ ಎರಡು ಆಟಗಳು ಇರಬಹುದೆಂಬುದನ್ನು ಒಪ್ಪಿಕೊಳ್ಳಲು ಏಕಿಷ್ಟು ಕಷ್ಟವೋ ತಿಳಿಯದು.

ಎರಡನೆಯದಾಗಿ, "ಅದರಲ್ಲಿ ಏನಿದೆ" ಎಂಬುದಕ್ಕೆ ನಾನು ನಿಯಮಗಳನ್ನು ವಿವರಿಸುವುದಿಲ್ಲ. ಒಂದು ಸಂಜೆಯ ಕತೆಯನ್ನು ಹೇಳುತ್ತೇನೆ.

1971ರ ಆಗಸ್ಟ್‌ನಲ್ಲಿ, ಉಕ್ಕಿನ ಊರಾದ ಭದ್ರಾವತಿಯಿಂದ ಉಕ್ಕಿನ ಊರಾದ ಪಿಟ್ಸ್‌ಬರ್ಗ್‌ಗೆ ಬಂದೆ. ಕೆಲಸಕ್ಕೆ ಸೇರಿದ ವಾರದಲ್ಲಿಯೇ ಅಲ್ಲಿನವರು ನನ್ನ ಹೆಸರನ್ನು ಎರಡಕ್ಷರಕ್ಕೆ ಇಳಿಸಿದರು. ನನ್ನನ್ನು ಪೂರ್ತಿ ಹೆಸರಿನಿಂದ ಕರೆಯಲು ಪ್ರಯತ್ನಪಟ್ಟವನು ಕುಲುಮೆಯ ಬಳಿ ಕೆಲಸ ಮಾಡುತ್ತಿದ್ದ, ನನಗಿಂತ ಇಪ್ಪತ್ತು ವರ್ಷ ಹಿರಿಯನಾದ, ಒಬ್ಬ ಕಪ್ಪು ಜನಾಂಗದ ಕಾರ್ಮಿಕ ಮಾತ್ರ. ಸೆಪ್ಟೆಂಬರ್ 1ರಂದು ಪಿಟ್ಸ್‌ಬರ್ಗ್‌ನ ಬೇಸ್‌ಬಾಲ್ ತಂಡವಾದ ಪೈರೇಟ್ಸ್ ಫಿಲಡೆಲ್ಫಿಯಾದ ವಿರುದ್ಧ ಕಣಕ್ಕಿಳಿಸಿದ ಒಂಬತ್ತು ಮಂದಿಯೂ ಕಪ್ಪು ಅಥವಾ ಲ್ಯಾಟಿನ್ ಮೂಲದ ಆಟಗಾರರಾಗಿದ್ದರು. ದೊಡ್ಡ ಲೀಗಿನ ಇತಿಹಾಸದಲ್ಲಿ ಹಾಗೆ ಆದದ್ದು ಅದೇ ಮೊದಲು. ಕಪ್ಪು ಜನಾಂಗದ ಆಟಗಾರ ಜಾಕಿ ರಾಬಿನ್ಸನ್‌ಗೆ ಆ ಲೀಗಿನ ಬಾಗಿಲು ತೆರೆದ 1947ರಿಂದ ಲೆಕ್ಕ ಹಾಕಿದರೆ ಅದಕ್ಕೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಮರುದಿನ, ಆಗಲೇ ಗೆಳೆಯನಾಗಿದ್ದ ಆ ಕಾರ್ಮಿಕ ನನ್ನ ಮುಂದೆ ಆ ಒಂಬತ್ತು ಹೆಸರುಗಳನ್ನು ಬೆರಳು ಮಡಿಸುತ್ತ ಎಣಿಸಿದ. ಅದರ ಮಹತ್ವ ಅಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ಅಕ್ಟೋಬರ್‌ನಲ್ಲಿ. ಬಾಲ್ಟಿಮೋರ್‌ನಲ್ಲಿ, ವರ್ಷದ ಚಾಂಪಿಯನ್ನರನ್ನು ನಿರ್ಧರಿಸುವ ವಿಶ್ವ ಸರಣಿಯ ಏಳನೆಯ, ಕೊನೆಯ ಪಂದ್ಯವನ್ನು ಪೈರೇಟ್ಸ್ ಗೆದ್ದಿತು, ಸರಣಿಯ ಶ್ರೇಷ್ಠ ಆಟಗಾರನಾಗಿ ಪೋರ್ಟೊ ರಿಕೋದ ರೊಬೆರ್ತೊ ಕ್ಲೆಮೆಂತೆ ಆಯ್ಕೆಯಾದ. ನಾವು ಆ ಗೆಳೆಯನ ಮನೆಯ ಟೀವಿಯ ಮುಂದೆ ಕುಳಿತಿದ್ದೆವು. ಇಡೀ ಅಮೆರಿಕ ನೋಡುತ್ತಿದ್ದಾಗ ಕ್ಲೆಮೆಂತೆ ಮೊದಲು ಸ್ಪ್ಯಾನಿಷ್‌ನಲ್ಲಿ ಮಾತನಾಡಿ, ತನ್ನ ತಂದೆತಾಯಿಯ ಆಶೀರ್ವಾದ ಬೇಡಿದ. ಒಂದು ಪದವೂ ಅರ್ಥವಾಗದೆ ಅದು ನನಗೆ ಪೂರ್ತಿ ಅರ್ಥವಾಯಿತು. ಅಪ್ಪನ ಕಾಲಿಗೆರಗಿ ಹೊರಟು ಬಂದು ಆಗ ನನಗೆ ಎರಡು ತಿಂಗಳೂ ತುಂಬಿರಲಿಲ್ಲ. ಆಟಗಾರರ ಚಿತ್ರದ ಕಾರ್ಡುಗಳ ಮೇಲೆ ವರ್ಷಗಟ್ಟಲೆ ಅವನ ಹೆಸರನ್ನು "ಬಾಬ್" ಎಂದು ಅಚ್ಚು ಹಾಕಿದ್ದರೆಂದೂ, ಅವನ ಇಂಗ್ಲಿಷ್ ಉಚ್ಚಾರವನ್ನು ಪತ್ರಿಕೆಗಳವರು ಹಾಗೆಹಾಗೆಯೇ ಬರೆದು ಅಣಕಿಸುತ್ತಿದ್ದರೆಂದೂ, "ನನ್ನ ಹೆಸರು ರೊಬೆರ್ತೊ" ಎಂದು ಅವನು ಹಟ ಹಿಡಿದನೆಂದೂ ಗೆಳೆಯ ಅಂದು ಹೇಳಿದ. ಸೋಮವಾರ ಕೆಲಸಕ್ಕೆ ಹೋದವನು ಮೇಜಿನ ಮೇಲೆ ನನ್ನ ಪೂರ್ತಿ ಹೆಸರನ್ನು ಬರೆದಿಟ್ಟೆ.

1972ರ ಸೆಪ್ಟೆಂಬರ್ 30, ಶನಿವಾರ, ಕ್ಲೆಮೆಂತೆ ತನ್ನ ಮೂರು ಸಾವಿರನೆಯ ಹಿಟ್ (ಔಟಾಗದೆ ಬೇಸ್ ತಲುಪಿಸುವ ಹೊಡೆತ) ಬಾರಿಸಿದಾಗ ನಾವಿಬ್ಬರೂ ತ್ರೀ ರಿವರ್ಸ್ ಮೈದಾನದಲ್ಲಿದ್ದೆವು. ಅವನು ಕಾಯುತ್ತಿದ್ದ ಬಲಗಡೆಯಲ್ಲಿಯೇ ನಮ್ಮ ಜಾಗ. ಚೆಂಡು ನಮ್ಮ ಕಡೆಗೇ ಹಾರಿ ಬಂದಿತೆಂದು ನಲವತ್ತು ವರ್ಷ ಎಲ್ಲರಿಗೂ ಹೇಳುತ್ತ ಬಂದೆ. ಆಮೇಲೆ ಒಂದು ದಿನ ಹಳೆಯ ಪೆಟ್ಟಿಗೆಯಲ್ಲಿ ಅಂದಿನ ಸ್ಕೋರ್‌ಕಾರ್ಡ್ ಸಿಕ್ಕಿತು. ಚೆಂಡೆಸೆಯುವ ಪಿಚರ್‌ಗೆ 1, ಅದನ್ನು ಹಿಡಿಯುವ ಕ್ಯಾಚರ್‌ಗೆ 2, ಬಲ ಮೈದಾನದವನಿಗೆ 9 ಎಂದು ಗೆಳೆಯ ಕಲಿಸಿದ ಲೆಕ್ಕದಲ್ಲಿ ನಾನೇ ಪೆನ್ಸಿಲ್‌ನಿಂದ ತುಂಬಿದ ಕಾರ್ಡು. ನಾಲ್ಕನೆಯ ಇನ್ನಿಂಗ್‌ನ ಚೌಕದಲ್ಲಿ ಗೆರೆ ಎಡಕ್ಕೂ ನಡುವಿಗೂ ಮಧ್ಯೆ ಹೋಗಿದೆ. ನಾನು ಅಷ್ಟು ವರ್ಷ ಕಣ್ಣಾರೆ ಕಂಡಂತೆ ಹೇಳಿದ್ದು ತಪ್ಪು.

ಮೂರು ತಿಂಗಳ ನಂತರ, ಡಿಸೆಂಬರ್ 31ರ ರಾತ್ರಿ, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಕ್ಲೆಮೆಂತೆ ಹೋದ. ಅವನಿಗಾಗ 38 ವರ್ಷ. ಅವನ ಹಿಟ್‌ಗಳ ಸಂಖ್ಯೆ ಮೂರು ಸಾವಿರಕ್ಕೇ ನಿಂತಿತು. ಮುಂದಿನ ದಶಕದಲ್ಲಿ ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಗೆಳೆಯನ ಕೆಲಸವೂ ನನ್ನದೂ ಹೋದವು, 1985ರಲ್ಲಿ ಪೈರೇಟ್ಸ್ 104 ಪಂದ್ಯ ಸೋತಿತು. ಆದರೂ ನಾವು ಹೋಗುತ್ತಲೇ ಇದ್ದೆವು. ಕೆಲಸ ಕಳೆದುಕೊಂಡ ಇಬ್ಬರು ಗಂಡಸರು ಮೂರು ಗಂಟೆ ಅಕ್ಕಪಕ್ಕ ಕುಳಿತು, ಮಾತಾಡಲೇಬೇಕೆಂಬ ಬಲವಂತವಿಲ್ಲದೆ ಇರಬಹುದಾದ ಜಾಗ ಆಗ ಬೇರೆ ಯಾವುದಿತ್ತು?

ಆದ್ದರಿಂದ ದಯವಿಟ್ಟು "ಅದರಲ್ಲಿ ಏನಿದೆ" ಎಂದು ಕೇಳಬೇಡಿ. ನಿಮ್ಮ ಪಕ್ಕದಲ್ಲಿ ಯಾರು ಕುಳಿತಿದ್ದರು ಎಂದು ಕೇಳಿ. ಈಗ ಆ ಜಾಗ ಖಾಲಿ. ಕ್ಲೆಮೆಂತೆಯ ಹೆಸರಿನ ಸೇತುವೆಯನ್ನು ಒಬ್ಬನೇ ನಡೆದು ದಾಟುತ್ತೇನೆ.

ಆ ಹಳೆಯ ಸ್ಕೋರ್‌ಕಾರ್ಡಿನಲ್ಲಿ ನಾನು ಹೆಸರುಗಳನ್ನೆಲ್ಲ ಕನ್ನಡದಲ್ಲಿ ಬರೆದಿದ್ದೆ. ಅಂದು ಗೆಳೆಯ ಬಗ್ಗಿ ನೋಡಿ, ಇದರಲ್ಲಿ ರೊಬೆರ್ತೊ ಯಾವುದು ಎಂದು ಕೇಳಿದ. ತೋರಿಸಿ, ಗಟ್ಟಿಯಾಗಿ ಓದಿ ಹೇಳಿದೆ. ಇಲ್ಲಿನವರ ಬಾಯಲ್ಲಿ ಟಕಾರವಾಗುವ ಆ ಅಕ್ಷರ ನಮ್ಮ ತಕಾರದಲ್ಲಿ ಸರಿಯಾಗಿ ಕೂಡುತ್ತದೆ. ಅವನು ಅದನ್ನು ನಿಧಾನವಾಗಿ ಎರಡು ಸಲ ಹೇಳಿದ, ಆಮೇಲೆ ನನ್ನ ಹೆಸರನ್ನೂ ಅದರ ಕೆಳಗೇ ಬರೆಯಲು ಹೇಳಿದ.